ಓದುಗರ ಪ್ರಶ್ನೆ: ನೂರು ಗಜಕ್ಕೆ ಒಂದು ಇಂಚು, ಯಾವ ಕೋವಿಗೆ ಸಾಧ್ಯ?

ರೈಫಲ್ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದಕ್ಕೆ ಹಾಸನ, ಚಿಕ್ಕಮಗಳೂರು ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಹೆಚ್ಚಿನವರು ಕೇಳಿರುವುದು ಒಂದೇ ವಿಷಯ: ಕೋವಿ ಎಷ್ಟು ನಿಖರವಾಗಿ ಹೊಡೆಯಬೇಕು, ಒಂದು ಗುಂಡು ಹಾರಿದ ಮೇಲೆ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ವಾಸಿಯೋ, ಪ್ರತಿ ಸಲ ಕೈಯಲ್ಲಿ ಬೋಲ್ಟ್ ಎಳೆದು ತುಂಬುವ ಬೋಲ್ಟ್ ಆಕ್ಷನ್ ವಾಸಿಯೋ. ಅದಕ್ಕೇ ಈ ಸಲ ಪೂರ್ತಿ ಅದನ್ನೇ ಹಿಡಿದಿದ್ದೇನೆ.

ಪ್ರಶ್ನೆ: ಸಾರ್, ನಮ್ಮ ಮನೆಯಲ್ಲಿ ಅಪ್ಪನ ಕಾಲದ .315 (ನಳಿಗೆಯ ಅಳತೆ, ಇಂಚಿನಲ್ಲಿ) ಬೋಲ್ಟ್ ಆಕ್ಷನ್ ರೈಫಲ್ ಇದೆ, ದುರ್ಬೀನು ಇಲ್ಲ. ಬೆಳೆ ರಕ್ಷಣೆ ಲೈಸೆನ್ಸ್. ರೇಂಜ್‌ಗೆ ಒಯ್ದು ನೂರು ಗಜದಲ್ಲಿ ಐದು ಗುಂಡು ಹೊಡೆದರೆ ನಾಲ್ಕು ಇಂಚಿನೊಳಗೆ ಬೀಳುತ್ತವೆ. ಅಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅವನ ಸೆಮಿ ಆಟೋಮ್ಯಾಟಿಕ್ ಒಂದೇ ಇಂಚಿಗೆ ಹೊಡೆಯುತ್ತದೆ ಅಂತ ಫೋಟೋ ಕಳಿಸುತ್ತಾನೆ. ಬೋಲ್ಟ್ ಆಕ್ಷನ್ನೇ ಹೆಚ್ಚು ನಿಖರ ಅಂತ ಎಲ್ಲರೂ ಹೇಳುತ್ತಾರಲ್ಲ, ಹಾಗಾದರೆ ನಮ್ಮ ಕೋವಿ ಕೆಟ್ಟಿದೆಯಾ?
(ಸಕಲೇಶಪುರ ಬಳಿಯ ಕಾಫಿ ಬೆಳೆಗಾರರು)

ಉತ್ತರ: ಕೆಟ್ಟಿಲ್ಲ. ದುರ್ಬೀನು ಹಾಕದೆ, ಬರೀ ಓಪನ್ ಸೈಟ್‌ನಲ್ಲಿ, ಅಂದರೆ ನಳಿಗೆ ಮೇಲಿನ ಮಣಿ ನೋಡಿ, ನೂರು ಗಜಕ್ಕೆ ನಾಲ್ಕು ಇಂಚು ಅಂದರೆ ನೀವು ಚೆನ್ನಾಗಿಯೇ ಹೊಡೆಯುತ್ತಿದ್ದೀರಿ. ದಯವಿಟ್ಟು ಆ ಕೋವಿ ಮಾರುವ ಯೋಚನೆ ಮಾಡಬೇಡಿ.

ಮೊದಲು ನಿಮ್ಮ ಅಳಿಯನ ಫೋಟೋ ವಿಷಯ. ಅದರಲ್ಲಿ ಎಷ್ಟು ತೂತು ಇದೆ ಎಣಿಸಿ ನೋಡಿ. ಮೂರು ಇದ್ದರೆ ಇನ್ನೊಂದು ಪ್ರಶ್ನೆ ಕೇಳಿ: ಅವತ್ತು ಹೊಡೆದ ಎಲ್ಲ ಹಾಳೆಗಳಲ್ಲಿ ಇದು ಎಲ್ಲಕ್ಕಿಂತ ಚಿಕ್ಕದಾ? ಹುಡುಗ ಸುಳ್ಳು ಹೇಳುತ್ತಿದ್ದಾನೆ ಅಂತ ಅಲ್ಲ, ಪ್ರಪಂಚದಲ್ಲಿ ಎಲ್ಲರೂ ಒಳ್ಳೆಯ ಹಾಳೆಯನ್ನೇ ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತಾರೆ. ಆದರೆ ಲೆಕ್ಕ ಬೇರೆ ಇದೆ. ಮೂರು ಗುಂಡಿಗೆ ಸರಾಸರಿ ಒಂದು ಇಂಚು ಕೊಡುವ ರೈಫಲ್, ಐದು ಗುಂಡಿಗೆ ಸರಾಸರಿ 1.3 ಇಂಚಿನ ಹತ್ತಿರ ಬರುತ್ತದೆ, ಹತ್ತು ಗುಂಡಿಗೆ 1.6 ಇಂಚಿನ ಹತ್ತಿರ. ರೈಫಲ್ ಅದೇ, ಕೈ ಅದೇ, ತೋಟಾ ಅದೇ. ಗುಂಡು ಜಾಸ್ತಿ ಹೊಡೆದಷ್ಟೂ ನಿಜವಾದ ಹರವು ಹೊರಗೆ ಬರುತ್ತದೆ, ಅಷ್ಟೇ. ಹಾಗಾಗಿ ನಿಮ್ಮ ಐದು ಗುಂಡಿನ ನಾಲ್ಕು ಇಂಚನ್ನು ಅವನ ಮೂರು ಗುಂಡಿನ ಒಂದು ಇಂಚಿನ ಪಕ್ಕ ಇಡುವುದೇ ತಪ್ಪು. ಅವನಿಗೆ ಹೇಳಿ, ಒಂದೇ ದಿನ, ಒಂದೇ ಪೆಟ್ಟಿಗೆಯ ತೋಟಾದಲ್ಲಿ, ಐದೈದು ಗುಂಡಿನ ಐದು ಹಾಳೆ ಸಾಲಾಗಿ ಹೊಡೆದು, ಒಂದನ್ನೂ ಬಿಡದೆ ಐದರದ್ದೂ ಫೋಟೋ ಕಳಿಸು ಅಂತ. ಆಗ ಮಾತಾಡಬಹುದು.

ಇಂಚಿನ ಲೆಕ್ಕ ಎಲ್ಲಿಂದ ಬಂತು ಅಂತ ಬೇರೆಯವರೂ ಕೇಳಿದ್ದಾರೆ. ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗಕ್ಕೆ ಮಿನಿಟ್ ಆಫ್ ಆಂಗಲ್, ಚಿಕ್ಕದಾಗಿ ಎಂಒಎ ಅನ್ನುತ್ತಾರೆ. ನೂರು ಗಜದಲ್ಲಿ ಅದು 1.047 ಇಂಚು, ನೂರು ಮೀಟರ್‌ನಲ್ಲಿ 2.9 ಸೆಂಟಿಮೀಟರ್. ದೂರ ಎರಡು ಪಟ್ಟಾದರೆ ಅದೂ ಎರಡು ಪಟ್ಟು. ಅಂಗಡಿಯವರು 'ಒಂದು ಎಂಒಎ ಗ್ಯಾರಂಟಿ' ಅಂದರೆ ಎಷ್ಟು ಗುಂಡಿಗೆ, ಯಾವ ತೋಟಾದಲ್ಲಿ ಅಂತ ಕೇಳದೆ ತಲೆಯಾಡಿಸಬೇಡಿ.

ಈಗ ಬೋಲ್ಟ್ ಮತ್ತು ಸೆಮಿ ವಿಷಯ. ಬೋಲ್ಟ್ ಆಕ್ಷನ್‌ನಲ್ಲಿ ನೀವು ಬೋಲ್ಟನ್ನು ಕೈಯಲ್ಲಿ ಮುಚ್ಚುತ್ತೀರಿ, ಅದು ಬಿಗಿಯಾಗಿ ಕೂರುತ್ತದೆ, ಗುಂಡು ನಳಿಗೆ ಬಿಟ್ಟು ಹೋಗುವ ತನಕ ಒಳಗೆ ಅಲುಗಾಡುವ ಭಾಗ ತುಂಬಾ ಕಮ್ಮಿ. ನಳಿಗೆಗೆ ಬೇರೇನೂ ಅಂಟಿಕೊಂಡಿರುವುದಿಲ್ಲ. ಟ್ರಿಗರ್ ಹಗುರ ಮಾಡುವುದೂ ಸುಲಭ. ಸೆಮಿಯಲ್ಲಿ, ಅದರಲ್ಲೂ ಗ್ಯಾಸ್‌ನಿಂದ ಓಡುವ ಜಾತಿಯಲ್ಲಿ, ನಳಿಗೆಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಬಿಸಿ ಗಾಳಿ ಹಿಂದೆ ಬಂದು ಬೋಲ್ಟನ್ನು ತಳ್ಳಿ, ಖಾಲಿ ತೋಟಾ ಎಸೆದು, ಹೊಸದನ್ನು ತುಂಬುತ್ತದೆ. ಇಷ್ಟೆಲ್ಲ ಕೆಲಸ ತಪ್ಪದೆ ನಡೆಯಬೇಕಾದರೆ ತೋಟಾ ಕೂರುವ ಜಾಗ ಸ್ವಲ್ಪ ಸಡಿಲ ಇರಬೇಕು. ಟ್ರಿಗರ್ ಸ್ವಲ್ಪ ಗಟ್ಟಿ ಇರಬೇಕು. ಮ್ಯಾಗಜಿನ್‌ನಿಂದ ರಭಸವಾಗಿ ನುಗ್ಗುವಾಗ ಗುಂಡಿನ ಮೂತಿ ಜಜ್ಜುವುದೂ ಉಂಟು. ಇವೆಲ್ಲ ಸೇರಿ ಹರವು ಹೆಚ್ಚಾಗುತ್ತದೆ.

ಆದರೆ ಎಷ್ಟು ಹೆಚ್ಚಾಗುತ್ತದೆ ಅನ್ನುವುದು ಮುಖ್ಯ, ಅಲ್ವಾ? ಇವತ್ತು ಕಾರ್ಖಾನೆಯಿಂದ ಬರುವ ಸಾಧಾರಣ ಬೋಲ್ಟ್ ರೈಫಲ್‌ಗೆ ದುರ್ಬೀನು ಹಾಕಿ, ಅದಕ್ಕೆ ಒಗ್ಗುವ ತೋಟಾ ಹಾಕಿ, ಮರಳು ಚೀಲದ ಮೇಲಿಟ್ಟು ಹೊಡೆದರೆ ಐದು ಗುಂಡು ಒಂದರಿಂದ ಒಂದೂವರೆ ಇಂಚು ಬಂದರೆ ಸಂತೋಷ ಪಡಬೇಕು. ಸಾಧಾರಣ ಸೆಮಿಗೆ ಒಂದೂವರೆಯಿಂದ ಮೂರು ಇಂಚು ಅಂದುಕೊಳ್ಳಿ. ದುಬಾರಿ ನಳಿಗೆ, ಒಳ್ಳೆಯ ಟ್ರಿಗರ್ ಇರುವ ಸೆಮಿ ಒಂದು ಇಂಚಿಗೆ ಬರುವುದೂ ನಿಜ, ಹಾಗಾಗಿ ನಿಮ್ಮ ಅಳಿಯನ ಮಾತು ಪೂರ್ತಿ ಸುಳ್ಳಲ್ಲ. ಅಮೆರಿಕದ ಸೈನ್ಯ 1988ರಲ್ಲಿ ಎಂ24 ಅನ್ನುವ ಬೋಲ್ಟ್ ಆಕ್ಷನ್ ಸ್ನೈಪರ್ ರೈಫಲ್ ತೆಗೆದುಕೊಂಡಿತ್ತು, ಆಮೇಲೆ ಎಂ110 ಅನ್ನುವ ಸೆಮಿಯನ್ನೂ ತಂದಿತು. ನಮ್ಮ ಸೈನ್ಯದಲ್ಲಿ ಎಷ್ಟೋ ವರ್ಷದಿಂದ ಇರುವ ಡ್ರಾಗುನೋವ್ ಕೂಡ ಸೆಮಿಯೇ, ಸೋವಿಯತ್ ಸೈನ್ಯ ಅದನ್ನು ಒಪ್ಪಿದ್ದು 1963ರಲ್ಲಿ. ಅವರಿಗೆ ಎರಡನೇ ಗುಂಡು ಬೇಗ ಬೇಕು. ಅದಕ್ಕಾಗಿ ಕಾಲು ಇಂಚು, ಅರ್ಧ ಇಂಚು ಬಿಟ್ಟುಕೊಡಲು ಅವರು ತಯಾರು.

ಇನ್ನು ನಿಮ್ಮ .315. ಇದು ಈಶಾಪುರ ರೈಫಲ್ ಕಾರ್ಖಾನೆಯ ಮಾಲು, ಒಳಗಿರುವುದು ಬ್ರಿಟಿಷ್ ಸೈನ್ಯದ ಹಳೆಯ ಲೀ ಎನ್‌ಫೀಲ್ಡ್ ಜಾತಿಯ ಆಕ್ಷನ್, ಅಂದರೆ ತೋಟಾ ತುಂಬಿ ಬಿಗಿಯುವ ಯಂತ್ರಭಾಗ. ತೋಟಾ ಮಾತ್ರ ಆಸ್ಟ್ರಿಯಾದ ಹಳೆಯ 8 ಮಿಲಿಮೀಟರ್ ಮ್ಯಾನ್‌ಲಿಚರ್. .303 ಸೈನ್ಯದ ತೋಟಾ, ಅದು ಜನರ ಕೈಗೆ ಸಿಗಬಾರದು ಅಂತ ಬ್ರಿಟಿಷರ ಕಾಲದಿಂದ ಬಂದ ವ್ಯವಸ್ಥೆ ಇದು. ಬೋಲ್ಟ್ ಆಕ್ಷನ್ ಅಂದರೆ ಎಲ್ಲ ಒಂದೇ ಅಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಮೌಸರ್ ಜಾತಿಯಲ್ಲಿ ಬೋಲ್ಟ್ ಮುಂದಿನ ತುದಿಯಲ್ಲಿ, ತೋಟಾದ ಹಿಂದೆಯೇ ಕಚ್ಚಿಕೊಳ್ಳುತ್ತದೆ. ಲೀ ಜಾತಿಯಲ್ಲಿ ಕಚ್ಚಿಕೊಳ್ಳುವುದು ಹಿಂದಿನ ತುದಿಯಲ್ಲಿ, ಹಾಗಾಗಿ ಗುಂಡು ಸಿಡಿದಾಗ ಬೋಲ್ಟ್ ಒಂದು ಕೂದಲೆಳೆಯಷ್ಟು ಬಾಗುತ್ತದೆ. ಓಡಿಸಲು ನಯ, ಬೇಗ. ಆದರೆ ಒಂದು ಇಂಚಿನ ಆಸೆ ಅದರಿಂದ ಬೇಡ.

ಓಪನ್ ಸೈಟ್ ಲೆಕ್ಕವನ್ನೂ ನೋಡಿ. ಮುಂದಿನ ಮಣಿ ಎರಡು ಮಿಲಿಮೀಟರ್ ಅಗಲ, ಅದು ನಿಮ್ಮ ಕಣ್ಣಿಂದ ಒಂದು ಮೀಟರ್ ದೂರ ಅಂದುಕೊಂಡರೆ, ನೂರು ಮೀಟರ್ ಆಚೆ ಆ ಮಣಿ 20 ಸೆಂಟಿಮೀಟರ್ ಅಗಲದ ಜಾಗವನ್ನೇ ಮುಚ್ಚಿಬಿಡುತ್ತದೆ. ಅಷ್ಟು ಅಗಲದ ಮಣಿ ಇಟ್ಟುಕೊಂಡು ನಾಲ್ಕು ಇಂಚು, ಅಂದರೆ ಹತ್ತು ಸೆಂಟಿಮೀಟರ್ ಒಳಗೆ ಐದು ಗುಂಡು ಹಾಕುವುದು ಸಣ್ಣ ಕೆಲಸವಲ್ಲ. ನಲವತ್ತೈದು ದಾಟಿದ ಮೇಲೆ ಮಣಿ ಮಸುಕಾಗಿ ಕಾಣುವುದು ಬೇರೆ. ಮಣಿ ಸ್ಪಷ್ಟ ಇರಲಿ, ಹಾಳೆ ಮಸುಕಾದರೂ ಪರವಾಗಿಲ್ಲ. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ.

ಸುಧಾರಿಸಬೇಕು ಅಂತಿದ್ದರೆ ತೋಟಾ ಕಡೆ ಗಮನ ಕೊಡಿ. ತಳದಲ್ಲಿ ಕೆಎಫ್ ಅಂತ ಮುದ್ರೆ ಇರುತ್ತದಲ್ಲ, ಅದು ಪುಣೆ ಪಕ್ಕದ ಖಡ್ಕಿಯ ಮಾಲು. ಪೆಟ್ಟಿಗೆ ಮೇಲಿನ ಲಾಟ್ ನಂಬರ್, ಅಂದರೆ ಒಂದೇ ಸಲ ತಯಾರಾದ ಕಂತಿನ ನಂಬರ್, ಒಂದೇ ಇರುವಂತೆ ಕೊಳ್ಳಿ. ಅಟ್ಟದ ಮೇಲೆ ಐದಾರು ಮಳೆಗಾಲ ಕಳೆದ ತೋಟಾ ಮತ್ತು ಹೊಸ ತೋಟಾ ಬೆರೆಸಿ ಹೊಡೆದು, ಕೋವಿ ಸರಿ ಇಲ್ಲ ಅಂದರೆ ಕೋವಿ ಏನು ಮಾಡಬೇಕು? ಲೈಸೆನ್ಸ್‌ನಲ್ಲಿ ವರ್ಷಕ್ಕೆ ಇಷ್ಟೇ ತೋಟಾ ಅಂತ ಬರೆದಿರುತ್ತಾರೆ, ಅದರಲ್ಲಿ ಹತ್ತನ್ನಾದರೂ ಹಾಳೆಗೆ ಅಂತ ಎತ್ತಿಡಿ.

ಪ್ರಶ್ನೆ: ಹಾಗಾದರೆ ಸೆಮಿ ಆಟೋಮ್ಯಾಟಿಕ್ ರೈಫಲ್‌ಗೆ ನಾವು ಅರ್ಜಿ ಹಾಕಬಹುದಾ? ಕೊಡಗಿನವರಿಗೆ ಲೈಸೆನ್ಸೇ ಬೇಡ ಅಂತಾರಲ್ಲ?
(ಮೂಡಿಗೆರೆಯಿಂದ ಒಬ್ಬರು)

ಉತ್ತರ: ಬೆಳೆ ರಕ್ಷಣೆ ಅಂತ ಡಿಸಿ ಆಫೀಸಿನಲ್ಲಿ ಅರ್ಜಿ ಹಾಕಿ ಸೆಮಿ ರೈಫಲ್ ಪಡೆಯುವ ಆಸೆ ಬಿಡಿ. 2016ರ ಆಯುಧ ನಿಯಮಗಳಲ್ಲಿ ಅದು ನಿರ್ಬಂಧಿತ ವರ್ಗದಲ್ಲಿದೆ. ಕೊಡಗಿನ ವಿನಾಯಿತಿ ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ, ಅದು ಮೂಡಿಗೆರೆಗೆ ದಾಟಿ ಬರುವುದಿಲ್ಲ. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಿನಲ್ಲಿ ಇರಬಹುದಾದ ಕೋವಿ ಮೂರರಿಂದ ಎರಡಕ್ಕೆ ಇಳಿದಿದೆ, ಹಾಗಾಗಿ ಇರುವ ಜಾಗವನ್ನು ಯೋಚಿಸಿ ಬಳಸಿ.

ಇನ್ನೊಂದು ಮಾತು, ನೀವು ಕೇಳಿಲ್ಲದಿದ್ದರೂ. ಬೆಳೆ ರಕ್ಷಣೆ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ತೋಟಕ್ಕೆ ನುಗ್ಗಿದ ಹಂದಿ, ಕಾಟಿಗೆ (ಕಾಡುಕೋಣಕ್ಕೆ) ಹೊಡೆಯುವ ಅನುಮತಿ ಸಿಕ್ಕಿದ ಹಾಗಲ್ಲ. 1972ರ ವನ್ಯಜೀವಿ ಕಾಯ್ದೆ ಹಾಗೇ ಇದೆ. ಅನುಮತಿ ಅರಣ್ಯ ಇಲಾಖೆಯಿಂದ ಬೇರೆಯಾಗಿ ಬರಬೇಕು. ಗಾಳಿಯಲ್ಲಿ ಈಡು ಹಾರಿಸಿ ಓಡಿಸುವುದಕ್ಕೂ ರೈಫಲ್ ಬೇಡವೇ ಬೇಡ. ಮೇಲೆ ಹೋದ ಗುಂಡು ಕೆಳಗೆ ಬರಲೇಬೇಕು. .22 ಅನ್ನುವ ಆ ಕಿರುಬೆರಳಿನ ಉಗುರಿನಷ್ಟಿರುವ ಗುಂಡೇ ಒಂದು ಮೈಲಿ ದಾಟಿ ಹೋಗುತ್ತದೆ, .315 ಇನ್ನೂ ದೂರ. ನಮ್ಮ ತೋಟಗಳಲ್ಲಿ ಗುಡ್ಡದ ಆಚೆ ಕೂಲಿಯವರ ಲೈನ್ ಮನೆ ಇರುತ್ತವೆ, ಮಕ್ಕಳು ಆಡುತ್ತಿರುತ್ತಾರೆ.

ಪ್ರಶ್ನೆ: ನಾನು ಕ್ಲಬ್‌ನಲ್ಲಿ .22 ಬೋಲ್ಟ್ ರೈಫಲ್‌ನಿಂದ 50 ಮೀಟರ್ ಅಭ್ಯಾಸ ಮಾಡುತ್ತೇನೆ. ಒಂದು ದಿನ ಐದು ಗುಂಡು ಒಂದು ರೂಪಾಯಿ ನಾಣ್ಯದೊಳಗೆ, ಇನ್ನೊಂದು ದಿನ ಅದರ ಎರಡು ಪಟ್ಟು. ರೈಫಲ್ ಬದಲಾಯಿಸಬೇಕಾ?
(ಚಿಕ್ಕಮಗಳೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ರೈಫಲ್ ಬದಲಾಯಿಸುವ ಮುಂಚೆ, ಆ ಎರಡು ದಿನ ಯಾವ ತೋಟಾ ಹೊಡೆದೆ ಅಂತ ನೆನಪು ಮಾಡಿಕೊಳ್ಳಪ್ಪ. .22ರಲ್ಲಿ ತೋಟಾದಷ್ಟು ವ್ಯತ್ಯಾಸ ಮಾಡುವ ವಸ್ತು ಬೇರೆ ಇಲ್ಲ. ಒಂದೇ ಕಂಪನಿಯ ಒಂದೇ ಹೆಸರಿನ ಪೆಟ್ಟಿಗೆಯಲ್ಲೂ ಲಾಟ್ ಬದಲಾದರೆ ಹರವು ಬದಲಾಗುತ್ತದೆ. ದೊಡ್ಡ ಸ್ಪರ್ಧಿಗಳು ಬೇರೆ ಬೇರೆ ಲಾಟ್ ಹೊಡೆದು ನೋಡಿ, ತಮ್ಮ ರೈಫಲ್‌ಗೆ ಒಗ್ಗಿದ ಒಂದು ಲಾಟನ್ನೇ ವರ್ಷಕ್ಕೆ ಆಗುವಷ್ಟು ಕೊಂಡಿಡುತ್ತಾರೆ.

50 ಮೀಟರ್ ಗುರಿಹಲಗೆಯಲ್ಲಿ ಹತ್ತರ ವೃತ್ತ 10.4 ಮಿಲಿಮೀಟರ್. ಎಂಒಎ ಲೆಕ್ಕದಲ್ಲಿ ಅದು 0.7. ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್ಸ್ ಕಂಚು ಗೆದ್ದದ್ದು ಅಂಥ ವೃತ್ತಕ್ಕೆ, ಅದೂ ಮಂಡಿಯೂರಿ, ಮಲಗಿ, ನಿಂತು. ಅಲ್ಲಿ ಯಾರೂ ಸೆಮಿ ಹಿಡಿಯುವುದಿಲ್ಲ. ಒಂದೊಂದೇ ತೋಟಾ ಕೈಯಲ್ಲಿ ಹಾಕಿ ಬೋಲ್ಟ್ ಮುಚ್ಚುತ್ತಾರೆ, ಗುಂಡಿನ ಮೂತಿ ಎಲ್ಲೂ ತಾಗದ ಹಾಗೆ. ಅಮೆರಿಕದಲ್ಲಿ 1964ರಿಂದ ಬರುತ್ತಿರುವ ರೂಗರ್ 10/22 ಅನ್ನುವ ಸೆಮಿ .22 ಇದೆ, ಜನ ಅದನ್ನು ತುಂಬಾ ಇಷ್ಟಪಡುತ್ತಾರೆ, ಆದರೆ ಅಂಗಡಿಯಿಂದ ತಂದ ಹಾಗೇ ಅಗ್ಗದ ತೋಟಾ ಹಾಕಿದರೆ 50 ಗಜಕ್ಕೆ ಎರಡು ಇಂಚಿನ ಆಸುಪಾಸು ಬಂದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಡಬ್ಬಿ ಬೀಳಿಸಲು ಅಷ್ಟು ಸಾಕು. ನಿನ್ನ ಕೆಲಸಕ್ಕೆ ಸಾಲದು.

ನೀನು ಮಾಡಬೇಕಾದ್ದು ಇಷ್ಟು. ಸಿಗುವ ಮೂರು ನಾಲ್ಕು ಬಗೆಯ ತೋಟಾ ತಗೋ, ಅತಿ ವೇಗದ್ದು ಬೇಡ, ಶಬ್ದದ ವೇಗಕ್ಕಿಂತ ಕೆಳಗಿನದ್ದು ಇರಲಿ. ಮರಳು ಚೀಲದ ಮೇಲಿಟ್ಟು ಹೊಡಿ. ಒಂದು ಬಗೆಯಿಂದ ಇನ್ನೊಂದಕ್ಕೆ ಹೋದಾಗ ಮೊದಲ ಹತ್ತು ಹದಿನೈದು ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡ, ಹಳೆಯ ತೋಟಾದ ಮೇಣ ನಳಿಗೆಯೊಳಗೆ ಅಂಟಿರುತ್ತದೆ, ಹೊಸದರ ಮೇಣ ಹರಡಿಕೊಳ್ಳಲು ಅಷ್ಟು ಬೇಕು. ಗಾಳಿಯನ್ನೂ ನೋಡು. ಚಿಕ್ಕಮಗಳೂರಿನಲ್ಲಿ ಮಧ್ಯಾಹ್ನದ ಮೇಲೆ ಬೆಟ್ಟದ ಗಾಳಿ ಎದ್ದರೆ, ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿಯೇ .22 ಗುಂಡನ್ನು 50 ಗಜದಲ್ಲಿ ಸುಮಾರು ಒಂದು ಇಂಚು ಪಕ್ಕಕ್ಕೆ ಒಯ್ಯುತ್ತದೆ. ನಿನ್ನ ಕೆಟ್ಟ ದಿನದ ಹಾಳೆಯಲ್ಲಿ ತೂತುಗಳು ಅಡ್ಡಕ್ಕೆ ಸಾಲಾಗಿ ಬಿದ್ದಿದ್ದರೆ ಗಾಳಿ ಅಥವಾ ಟ್ರಿಗರ್ ಎಳೆಯುವ ಬೆರಳು. ಮೇಲೆ ಕೆಳಗೆ ಚದುರಿದ್ದರೆ ತೋಟಾ ಅಥವಾ ಉಸಿರು. ಹಾಳೆ ಎಸೆದಿಲ್ಲ ತಾನೇ?

ಪ್ರಶ್ನೆ: ನಮ್ಮದು ಹಳೆಯ ಬೋಲ್ಟ್ ರೈಫಲ್, ಮರದ ಬುಡ. ಬೇಸಗೆಯಲ್ಲಿ ಸರಿಯಾಗಿ ಹೊಡೆಯುತ್ತದೆ. ಮಳೆಗಾಲ ಶುರುವಾದರೆ ಬಲಕ್ಕೆ ಹೋಗುತ್ತದೆ. ನಮ್ಮ ಚಿಕ್ಕಪ್ಪ ನಳಿಗೆ ಬಾಗಿದೆ ಅಂತಾರೆ. ಹೌದಾ? ದುರ್ಬೀನು ಹಾಕಿದರೆ ಸರಿ ಹೋಗುತ್ತಾ?
(ಕೊಪ್ಪದಿಂದ)

ಉತ್ತರ: ಈ ಪತ್ರ ಓದಿ ಖುಷಿಯಾಯಿತು, ಯಾಕೆಂದರೆ ನೀವು ತಿಂಗಳನ್ನೂ ದಿಕ್ಕನ್ನೂ ಗಮನಿಸಿದ್ದೀರಿ. ನಳಿಗೆ ಬಾಗಿದ್ದರೆ ಬೇಸಗೆಯಲ್ಲೂ ಬಲಕ್ಕೇ ಹೋಗಬೇಕಿತ್ತು. ನಿಮ್ಮ ತೊಂದರೆ ಮರದ್ದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಗೋಡೆಯೇ ಬೆವರುತ್ತದೆ. ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವ ಹಾಗೆ ಕೋವಿಯ ಮರವೂ ನೀರು ಹೀರಿ ಉಬ್ಬುತ್ತದೆ. ಉಬ್ಬಿದ ಮರ ಎಡಗಡೆಯಿಂದ ನಳಿಗೆಯನ್ನು ಒತ್ತಿದರೆ ಗುಂಡು ಬಲಕ್ಕೆ. ಗುಂಡು ಹಾರುವಾಗ ನಳಿಗೆ ನಡುಗುತ್ತದೆ. ಪ್ರತಿ ಸಲವೂ ಒಂದೇ ಥರ ನಡುಗಿದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆ. ಯಾವುದೋ ಒಂದು ಬದಿ ತಾಗಿದರೆ ಆ ನಡುಕ ಬದಲಾಗುತ್ತದೆ. ಬಿಸಿಯಾದ ಮೇಲೆ ಇನ್ನೂ ಬದಲಾಗುತ್ತದೆ.

ಪರೀಕ್ಷೆ ಸುಲಭ. ಕೋವಿ ಖಾಲಿ ಇದೆಯಾ ಅಂತ ಮೊದಲು ನೋಡಿ. ಬೋಲ್ಟ್ ಬಿಚ್ಚಿ ಪಕ್ಕಕ್ಕಿಡಿ. ಹತ್ತು ರೂಪಾಯಿ ನೋಟನ್ನು ನಳಿಗೆ ಮತ್ತು ಮರದ ನಡುವೆ ತೂರಿಸಿ, ಎರಡೂ ತುದಿ ಹಿಡಿದು ಹಿಂದಕ್ಕೆ ಎಳೆಯುತ್ತಾ ಬನ್ನಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಡಕ್ಕೋ ಬಲಕ್ಕೋ, ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಇದನ್ನು ಆಗಸ್ಟ್‌ನಲ್ಲಿ ಒಂದು ಸಲ, ಫೆಬ್ರವರಿಯಲ್ಲಿ ಒಂದು ಸಲ ಮಾಡಿ. ಗುರುತು ಬೇರೆ ಬೇರೆ ಬಂದರೆ ಉತ್ತರ ಸಿಕ್ಕಿತು. ಹಾಗಂತ ಕೂಡಲೇ ಉಳಿ ತಗೊಂಡು ಕೆರೆಯಲು ಹೋಗಬೇಡಿ! ಕೆಲವು ಹಳೆಯ ರೈಫಲ್‌ಗಳಲ್ಲಿ ಮರದ ಮೂತಿ ನಳಿಗೆಯನ್ನು ಕೆಳಗಿನಿಂದ ಒತ್ತಬೇಕು ಅಂತಲೇ ಮಾಡಿರುತ್ತಾರೆ. ಅದನ್ನು ತೆಗೆದರೆ ಹರವು ಇನ್ನೂ ಕೆಡುತ್ತದೆ. ಲೈಸೆನ್ಸ್ ಇರುವ ರಿಪೇರಿಯವರಿಗೇ ತೋರಿಸಿ. ಮರದ ಒಳಭಾಗಕ್ಕೆ, ಅಂದರೆ ಕಣ್ಣಿಗೆ ಕಾಣದ ಕಡೆಗೂ ಪಾಲಿಶ್ ಮಾಡಿಸಿ. ಹೊರಗೆ ಮಾತ್ರ ಹೊಳೆಯುವ ಹಾಗೆ ಮಾಡಿ ಒಳಗೆ ಹಸಿ ಮರ ಬಿಟ್ಟಿರುವ ಕೋವಿಗಳು ನಮ್ಮ ಮಲೆನಾಡಿನಲ್ಲಿ ತುಂಬಾ ಇವೆ. ಬಿಗಿಯುವ ಸ್ಕ್ರೂಗಳನ್ನೂ ನೋಡಿ, ಮರ ಉಬ್ಬಿ ಇಳಿದು ಉಬ್ಬಿ ಇಳಿದು ಅವು ಸಡಿಲ ಆಗಿರುತ್ತವೆ.

ಮೊದಲ ಗುಂಡಿನ ವಿಷಯವೂ ಇಲ್ಲೇ ಹೇಳುತ್ತೇನೆ. ಮಳೆಗಾಲದಲ್ಲಿ ತುಕ್ಕು ಬಾರದಿರಲಿ ಅಂತ ನಳಿಗೆಗೆ ಎಣ್ಣೆ ಹಾಕಿ ಇಡುತ್ತೀರಿ, ಒಳ್ಳೆಯದೇ. ಆದರೆ ಹೊಡೆಯುವ ಮುಂಚೆ ಒಣ ಬಟ್ಟೆ ತೂರಿಸಿ ಎಣ್ಣೆ ಪೂರ್ತಿ ಒರೆಸಲೇಬೇಕು. ಎಣ್ಣೆ ಇರುವ ನಳಿಗೆಯ ಮೊದಲ ಗುಂಡು ಬೇರೆ ಕಡೆಯೇ ಹೋಗುತ್ತದೆ, ಎಣ್ಣೆ ಜಾಸ್ತಿ ಉಳಿದಿದ್ದರೆ ಒತ್ತಡ ಏರಿ ಅಪಾಯವೂ ಹೌದು.

ದುರ್ಬೀನು ಕಣ್ಣಿಗೆ ಸಹಾಯ ಮಾಡುತ್ತದೆ, ಮರಕ್ಕೆ ಅಲ್ಲ. ಮರ ಸರಿ ಮಾಡಿಸಿದ ಮೇಲೆ ಹಾಕಿಸಿ. ದುರ್ಬೀನನ್ನು ಕೋವಿಗೆ ಕೂರಿಸುವ ಮೌಂಟ್ ಅಗ್ಗದ್ದು ಹಾಕಿಸಿದರೆ ನಾಲ್ಕು ಈಡಿಗೇ ಜರುಗುತ್ತದೆ, ದುರ್ಬೀನಿಗೆ ಕೊಟ್ಟಷ್ಟೇ ಗಮನ ಮೌಂಟ್‌ಗೂ ಕೊಡಿ.

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು ವರ್ಷ. ಶೂಟಿಂಗ್ ಕಲಿಯಬೇಕು ಅಂತಾಳೆ. ಅತಿ ನಿಖರವಾದ ಏರ್ ರೈಫಲ್ ಕೊಡಿಸಿದರೆ ಬೇಗ ಮುಂದೆ ಬರುತ್ತಾಳಾ?
(ಅರಸೀಕೆರೆಯ ತಾಯಿ)

ಉತ್ತರ: ಅಮ್ಮ, 10 ಮೀಟರ್ ಏರ್ ರೈಫಲ್ ಗುರಿಹಲಗೆಯಲ್ಲಿ ಹತ್ತು ಅಂದರೆ ಅರ್ಧ ಮಿಲಿಮೀಟರ್ ಚುಕ್ಕೆ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಇದರಲ್ಲೇ. ಸ್ಪರ್ಧೆಯ ರೈಫಲ್ ಕೊಂಡರೆ ಪೆಟ್ಟಿಗೆಯೊಳಗೆ ಕಾರ್ಖಾನೆಯವರು ಹೊಡೆದು ನೋಡಿದ ಒಂದು ಚೀಟಿ ಇಟ್ಟಿರುತ್ತಾರೆ. ಐದು ಗುಂಡು ಹೊಡೆದರೂ ತೂತು ಒಂದೇ ಇದ್ದ ಹಾಗೆ ಕಾಣುತ್ತದೆ. ಅಂದರೆ ರೈಫಲ್ ಆಗಲೇ ಮಗಳಿಗಿಂತ ಎಷ್ಟೋ ಮುಂದಿದೆ. ಅದಕ್ಕಿಂತ ನಿಖರವಾದದ್ದು ಹುಡುಕಿ ಏನೂ ಪ್ರಯೋಜನ ಇಲ್ಲ.

ನೀವು ನೋಡಬೇಕಾದ್ದು ಅಳತೆ ಮತ್ತು ತೂಕ. ನಿಯಮದ ಪ್ರಕಾರ ಏರ್ ರೈಫಲ್ 5.5 ಕಿಲೋವರೆಗೆ ಇರಬಹುದು, ಹದಿಮೂರರ ಹುಡುಗಿಗೆ ಅಷ್ಟು ಭಾರ ಬೇಡ. ಭುಜಕ್ಕೆ ಕೊಡುವ ಭಾಗ ಉದ್ದ ಕಮ್ಮಿ ಮಾಡಲು ಬರಬೇಕು, ಕೆನ್ನೆ ಇಡುವ ಭಾಗ ಏರಿಸಿ ಇಳಿಸಲು ಬರಬೇಕು. ಕತ್ತು ಬಾಗಿಸದೆ ಕಣ್ಣು ತಾನಾಗಿ ಸೈಟ್‌ಗೆ ಬರುತ್ತದೆಯಾ ಅಂತ ಪಕ್ಕದಲ್ಲಿ ನಿಂತು ನೀವೇ ನೋಡಬಹುದು. ಮಕ್ಕಳು ಈ ವಯಸ್ಸಿನಲ್ಲಿ ಬೇಗ ಬೆಳೆಯುತ್ತಾರೆ, ಈಗ ಕೂರುವ ಅಳತೆ ಮುಂದಿನ ವರ್ಷ ಕೂರುವುದಿಲ್ಲ. ಆದ್ದರಿಂದ ಶುರುವಿಗೆ ಕ್ಲಬ್‌ನ ರೈಫಲ್‌ನಲ್ಲೇ ಹೊಡೆಯಲಿ. ಆ ದುಡ್ಡಿನಲ್ಲಿ ಪೆಲೆಟ್ (ಏರ್ ರೈಫಲ್‌ನ ಗುಂಡು), ಶೂಟಿಂಗ್ ಜಾಕೆಟ್ ಮತ್ತು ಕೋಚಿಂಗ್ ಫೀಸ್ ಕೊಡಿ. ಕೋಚ್ ಆಗಿರುವವರು ಹುಡುಗಿಯರಿಗೆ ಬೇರೆ ಸಮಯ, ಬೇರೆ ಬಟ್ಟೆ ಬದಲಿಸುವ ಜಾಗ ಕೊಡುತ್ತಾರಾ ಅಂತಲೂ ಮೊದಲ ದಿನವೇ ಕೇಳಿ.